ಮತ್ತು ಸಂಗಡಿಗರು

ಹೋದ ವರ್ಷ ಶ್ರಾವಣ ಕಳೆದ ಮೇಲೆ ನಮ್ಮಕ್ಕನ ಮಗಳು ನವಲಿಯಿಂದ ಗಂಗಾವತಿಗೆ, ನಮ್ಮ ಮನೆಗೆ ಬಂದಳು. ಕಾಲು ತೊಳೆದು ಒಳಗೆ ಬಂದವಳು ಚಹಾ ಕುಡಿದು, ಚೀಲದಿಂದ ಒಂದು ಬಿಸ್ಕೀಟಿನ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಡಬ್ಬಿಯಲ್ಲಿ ಬಿಸ್ಕೀಟು ಇರಲಿಲ್ಲ. ಹಳೆಯ ಕುಬುಸದ ಅರಿವೆಯಲ್ಲಿ ಸುತ್ತಿಟ್ಟ ಒಂದು ಕ್ಯಾಸೆಟ್ಟು ಇತ್ತು.

"ಅಜ್ಜಿ ಟ್ರಂಕಿನ್ಯಾಗ ಸಿಕ್ತು ಚಿಗವ್ವ. ನಿನಗ ತೋರಿಸಬೇಕಂತ ತಂದೀನಿ" ಅಂದಳು. ಆಮೇಲೆ, ಬಂದ ನಿಜವಾದ ಕೆಲಸ ಹೇಳಿದಳು. ಆಕೆ ಮತ್ತು ಊರಿನ ಏಳು ಮಂದಿ ಹೆಣ್ಣುಮಕ್ಕಳು ಸೇರಿ ಆರು ಹಾಡು ಹಾಡಿ ಮುದ್ರಿಸಿದ್ದಾರೆ. ಸೋಬಾನ ಪದ, ಬೀಸುವ ಪದ, ನಾಟಿ ಹಚ್ಚುವಾಗಿನ ಪದ. "ಹಾಡು ಹೆಂಗರ ಆಗ್ಯಾವು. ಮ್ಯಾಲಿನ ಹೊದಿಕಿ ಹೆಂಗಿರಬೇಕು ಅನ್ನೂದ ತಿಳೀವಲ್ತು. ನೀ ಸಾಲಿ ಕಲಿಸಿದಾಕಿ, ನಿನ್ನ ಅಕ್ಷರ ಚಲೋ ಅದಾವು, ಹೇಳು" ಎಂದಳು.

ನಾನು ಆ ಹಳೆಯ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತೆ. ಅದರ ಹೊದಿಕೆಯ ಮೇಲೆ ನಾನು ಹೇಳಿದ ಒಂದು ಸುಳ್ಳು ಇತ್ತು. ಅದನ್ನು ಹೇಳುವ ಮುಂಚೆ ಹಾಡಿಗೆ ಹೊದಿಕೆ ಹೇಗೆ ಬಂತೆಂಬ ಕತೆಯನ್ನು ನಿಮಗೆ ಹೇಳಬೇಕು. ಆಕೆಗೂ ಅದನ್ನೇ ಮೊದಲು ಹೇಳಿದೆ.

ಮೊದಮೊದಲು ಹಾಡಿಗೆ ಹೊದಿಕೆಯೇ ಇರಲಿಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು, ಹೋಟೆಲಿನ ಕೋಣೆಯಲ್ಲಿ ಯಂತ್ರ ಹೂಡಿ, ಗೌಹರ್ ಜಾನ್ ಎಂಬ ಹೆಸರಾಂತ ಗಾಯಕಿಯ ಹಾಡು ಮುದ್ರಿಸಿಕೊಂಡ. ಒಂದೊಂದು ಹಾಡಿಗೆ ಮೂರು ನಿಮಿಷದ ಆಸುಪಾಸಿನ ಅವಕಾಶ. ಗಂಟೆಗಟ್ಟಲೆ ಹಾಡುವ ರಾಗವನ್ನು ಆಕೆ ಅಷ್ಟರಲ್ಲೇ ಮುಗಿಸಿ, ಕೊನೆಗೆ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದಳು. ಅದು ಜಂಬವಲ್ಲ. ಮುದ್ರಿಸಿದ ಮೇಣದ ತಟ್ಟೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್ ಊರಿಗೆ ಹೋಗಬೇಕಿತ್ತು. ಅಲ್ಲಿ ಅಚ್ಚು ಹಾಕುವವರಿಗೆ ನಮ್ಮ ಭಾಷೆಯೂ ತಿಳಿಯದು, ಹಾಡಿದವಳು ಯಾರೆಂದೂ ತಿಳಿಯದು. ತಟ್ಟೆಯ ನಡುವೆ ಅಂಟಿಸುವ ಚೀಟಿಯ ಮೇಲೆ ಯಾರ ಹೆಸರು ಬರೆಯಬೇಕೆಂಬುದು ಅವರಿಗೆ ಗೊತ್ತಾಗಲಿ ಎಂದು ಹಾಡಿದವರೇ ಹೆಸರು ಕೂಗಿ ಹೇಳುವ ಪದ್ಧತಿ. ಈ ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರಿಗೇ ಬಂದಳು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಆಕೆಯನ್ನು ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿಯಲ್ಲಿ ಆಕೆ ತೀರಿಕೊಂಡದ್ದೂ ಅಲ್ಲಿಯೇ. ಮೈಸೂರಿನ ಮಣ್ಣಿನಲ್ಲಿ ಸೇರಿಹೋದ ಆಕೆಯ ಹೆಸರು ಇವತ್ತಿಗೂ ಆಕೆಯ ಬಾಯಿಂದಲೇ ಕೇಳಿಸುತ್ತದೆ.

ಇದನ್ನು ಹೇಳಿದಾಗ ನಮ್ಮ ಹುಡುಗಿ ನಕ್ಕಳು. "ಅಂದ್ರ ಹೊದಿಕಿ ಇಲ್ಲದ್ದಕ್ಕ ಆಕಿನ ಹೊದಿಕಿ ಆಗಿದ್ಲು ಅನ್ನು" ಅಂದಳು. ಅದೇ ಸರಿಯಾದ ಮಾತು. ಹೊದಿಕೆಯ ಮೊದಲ ಕೆಲಸ ಚಂದ ಕಾಣುವುದಲ್ಲ. ಒಳಗೆ ಇರುವವರು ಯಾರು ಎಂದು ಹೇಳುವುದು.

ಆಗಿನ ತಟ್ಟೆಗಳು ಅರಗಿನವು. ನಾವು ಬಳೆಗೆ, ಹಳೆಯ ಆಭರಣದ ಹೊಟ್ಟೆಗೆ ತುಂಬುವ ಅರಗು ಇದೆಯಲ್ಲ, ಅದೇ. ಕೈಜಾರಿದರೆ ಚೂರು. ಅದನ್ನು ಕಾಪಾಡಲು ಒಂದು ಒರಟು ಕಂದು ಕಾಗದದ ಲಕೋಟೆ, ನಡುವೆ ದುಂಡಗೆ ಕತ್ತರಿಸಿದ ತೂತು. ಆ ತೂತಿನಿಂದ ತಟ್ಟೆಯ ಮೇಲಿನ ಚೀಟಿ ಕಾಣಬೇಕು, ಅಷ್ಟೇ. ಲಕೋಟೆಯ ಮೇಲೆ ಕಂಪನಿಯ ಜಾಹೀರಾತು, ಕೊಳವೆಯ ಮುಂದೆ ಕುಳಿತ ನಾಯಿ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರಖಾನೆ ಆದ ಮೇಲೆ ತಟ್ಟೆಗಳು ಇಲ್ಲೇ ತಯಾರಾಗತೊಡಗಿದವು. ಲಕೋಟೆ ಮಾತ್ರ ಬದಲಾಗಲಿಲ್ಲ. ಹಾಡಿದವರು ಯಾರಾದರೂ ಇರಲಿ, ಮೇಲೆ ನಾಯಿಯೇ.

ನಾನು ಚಿಕ್ಕವಳಿದ್ದಾಗ ನವಲಿಯ ಮದುವೆಗಳಿಗೆ ಮೈಕ್ ಸೆಟ್ಟಿನವನು ಬರುತ್ತಿದ್ದ. ಆತನ ತಗಡಿನ ಟ್ರಂಕಿನ ತುಂಬ ಇಂಥ ತಟ್ಟೆಗಳು. ನಾವು ಅವನ್ನು 'ಪ್ಲೇಟು' ಎನ್ನುತ್ತಿದ್ದೆವು. ಅಗಲದಲ್ಲಿ ಹತ್ತಿರ ಹತ್ತಿರ ನಮ್ಮ ಜೋಳದ ರೊಟ್ಟಿ. ಲಕೋಟೆಗಳು ಹರಿದು, ಎಣ್ಣೆ ಕುಡಿದು, ಎಲ್ಲವೂ ಒಂದೇ ಬಣ್ಣ. ಆದರೂ ಆತ ಕೈಹಾಕಿದರೆ ಬೇಕಾದ ಹಾಡೇ ಬರುತ್ತಿತ್ತು. ಹೇಗೆ ಎಂದು ಕೇಳಿದರೆ, ತೂತಿನೊಳಗೆ ಕಾಣುವ ಚೀಟಿಯ ಬಣ್ಣ ತೋರಿಸುತ್ತಿದ್ದ. ಓದಲು ಬಾರದ ಮನುಷ್ಯ. ಬಣ್ಣವನ್ನೇ ಓದುತ್ತಿದ್ದ.

ಆ ಸಣ್ಣ ಚೀಟಿಯ ಮೇಲೆ ಏನು ಬರೆಯಬೇಕೆಂಬುದು ಹೆಣ್ಣುಮಕ್ಕಳ ಪಾಲಿಗೆ ಸಣ್ಣ ಮಾತಾಗಿರಲಿಲ್ಲ. ವೃತ್ತಿಯಿಂದ ಹಾಡುವವರನ್ನು ಸಮಾಜ ಒಂದು ಕಣ್ಣಿನಿಂದ ನೋಡುತ್ತಿತ್ತು. ಆದ್ದರಿಂದ ಬಂಗಾಳದ ಕಡೆ 'ಮರ್ಯಾದಸ್ಥ' ಮನೆಯ ಹೆಣ್ಣುಮಗಳು ಹಾಡಿದರೆ ಹೆಸರಿನ ಮುಂದೆ 'ಅಮೆಚೂರ್' ಎಂದು ಸೇರಿಸುತ್ತಿದ್ದರು. ಎಂದರೆ, ಈಕೆ ಹೊಟ್ಟೆಪಾಡಿಗೆ ಹಾಡುವವಳಲ್ಲ, ತಪ್ಪು ತಿಳಿಯಬೇಡಿ ಎಂದು ಗಿರಾಕಿಗೆ ಹೇಳಿದ ಹಾಗೆ. ಒಂದು ಬೆರಳಗಲದ ಕಾಗದದ ಮೇಲೆ ಹಾಡಿನ ಜೊತೆಗೆ ಹೆಣ್ಣಿನ ಮಾನದ ಪ್ರಮಾಣಪತ್ರವೂ ಅಚ್ಚಾಗುತ್ತಿತ್ತು.

ನಮ್ಮ ಕಡೆಯ ಇಬ್ಬರನ್ನು ನೆನೆಯುತ್ತೇನೆ. ವಿಜಯಪುರ ಸೀಮೆಯ ಬೀಳಗಿಯಿಂದ ಮುಂಬಯಿಗೆ ಹೋದ ಅಮೀರ್‌ಬಾಯಿ, ಹೆಸರಿನ ಜೊತೆಗೆ ಅಡ್ಡಹೆಸರಾಗಿ ಇಟ್ಟುಕೊಂಡದ್ದು 'ಕರ್ನಾಟಕಿ' ಎಂದು. ಅಕ್ಕ ಗೋಹರ್‌ಬಾಯಿಯೂ ಕರ್ನಾಟಕಿಯೇ. ಕರ್ನಾಟಕ ಎಂಬ ಹೆಸರಿನ ರಾಜ್ಯ ಇನ್ನೂ ಇಲ್ಲದ ಕಾಲದಲ್ಲಿ, 1943ರ 'ಕಿಸ್ಮತ್' ಚಿತ್ರದ ಹಾಡುಗಳ ಮೂಲಕ ಆ ಹೆಸರು ದೇಶದ ಮನೆಮನೆಗೆ ಹೋಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ರಹಮತ್ ತರೀಕೆರೆಯವರು ಆಕೆಯ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಇನ್ನೊಬ್ಬರು, 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಾಂಧಾರಿ. ಆರಂಭದ ತಟ್ಟೆಗಳ ಮೇಲೆ ಆ ಹೆಸರೇ ಇತ್ತು. ಮುಂದೆ ಜಗತ್ತು ಬಲ್ಲದ್ದು ಗಂಗೂಬಾಯಿ ಹಾನಗಲ್ ಎಂದು. ಹೆಸರು ಯಾವುದೇ ಇರಲಿ, ಇಬ್ಬರಿಗೂ ಒಂದು ಭಾಗ್ಯವಿತ್ತು. ಹಾಡು ಕೇಳಿದವರು ಚೀಟಿ ನೋಡಿ, ಇದು ಇಂಥವರದು ಎಂದು ಹೇಳಬಹುದಿತ್ತು.

ಆ ಭಾಗ್ಯ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಲತಾ ಮಂಗೇಶ್ಕರರ ಕತೆಯೇ ಸಾಕು. 1949ರ 'ಮಹಲ್' ಚಿತ್ರದ ಹಾಡು ದೇಶವನ್ನೇ ಮರುಳು ಮಾಡಿತು. ಆದರೆ ತಟ್ಟೆಯ ಮೇಲೆ ಗಾಯಕಿಯ ಹೆಸರೆಂದು ಅಚ್ಚಾಗಿದ್ದುದು 'ಕಾಮಿನಿ'. ಅದು ಚಿತ್ರದಲ್ಲಿನ ಪಾತ್ರದ ಹೆಸರು! ಈ ಹಾಡು ಹಾಡಿದವರು ಯಾರು ಎಂದು ಕೇಳುಗರು ರೇಡಿಯೋಗೆ ಪತ್ರ ಬರೆದು ಬರೆದು ಕೇಳಿದ ಮೇಲೆ ನಿಜವಾದ ಹೆಸರು ಹೊರಬಂತು. ಲತಾ ಅವರಿಗೇ ಹೀಗಾದರೆ, ನವಲಿಯ ಹೆಣ್ಣುಮಗಳ ಗತಿ ಏನು?

ಇನ್ನು ಚಿತ್ರದ ಹೊದಿಕೆ. ಅದಕ್ಕೆ ಒಬ್ಬ ಕಾರಣಪುರುಷ ಇದ್ದಾನೆ, ಅಮೆರಿಕದ ಅಲೆಕ್ಸ್ ಸ್ಟೈನ್‌ವೈಸ್. ಅಲ್ಲಿ ನಾಲ್ಕೈದು ತಟ್ಟೆಗಳನ್ನು ಒಟ್ಟಿಗೆ ಮಾರುವಾಗ ಫೋಟೋ ಅಂಟಿಸುವ ಆಲ್ಬಮ್ಮಿನ ಹಾಗೆ ರಟ್ಟು ಕಟ್ಟಿದ ಪುಸ್ತಕದಲ್ಲಿ ಇಟ್ಟು ಕೊಡುತ್ತಿದ್ದರು. ಇವತ್ತು ಹಾಡಿನ ಗೊಂಚಲಿಗೆ 'ಆಲ್ಬಂ' ಎನ್ನುವುದು ಅಲ್ಲಿಂದ ಬಂದ ಮಾತು. ಆ ರಟ್ಟು ಬೋಳು ಬೋಳು. ವ್ಯಾಪಾರದವರೇ ಅದನ್ನು 'ಗೋರಿಕಲ್ಲು' ಎಂದು ಹಾಸ್ಯ ಮಾಡುತ್ತಿದ್ದರಂತೆ. ಕೊಲಂಬಿಯಾ ಕಂಪನಿಯಲ್ಲಿದ್ದ ಈ ಹುಡುಗ, ಇಷ್ಟು ಚಂದದ ಸಂಗೀತಕ್ಕೆ ಇಂಥ ಹೊದಿಕೆಯೇ ಎಂದು ಹಟ ಹಿಡಿದು, 1940ರಲ್ಲಿ ಮೊದಲ ಚಿತ್ರದ ಹೊದಿಕೆ ಮಾಡಿದ. ಹೇಗೆ ಮಾಡಿದ ಗೊತ್ತೆ? ನ್ಯೂಯಾರ್ಕಿನ ಒಂದು ನಾಟಕಶಾಲೆಗೆ ಹೋಗಿ, ಬಾಗಿಲ ಮೇಲಿನ ದೀಪದ ಫಲಕದಲ್ಲಿ ಆ ಹಾಡುಗಳನ್ನು ಕಟ್ಟಿದವರ ಹೆಸರು ಜೋಡಿಸುವಂತೆ ಕೇಳಿಕೊಂಡು, ದೀಪ ಹಚ್ಚಿಸಿ ಫೋಟೋ ತೆಗೆಸಿದ. ಮೊಟ್ಟಮೊದಲ ಚಿತ್ರದ ಹೊದಿಕೆಯ ಚಿತ್ರ ಯಾವುದೆಂದರೆ ಬೆಳಕಿನಲ್ಲಿ ಬರೆದ ಹೆಸರು. ಹೀಗೆ ಹೊದಿಕೆ ಬದಲಾದ ಮೇಲೆ ಅದೇ ಹಳೆಯ ಸಂಗೀತದ ಮಾರಾಟ ಹಲವು ಪಟ್ಟು ಏರಿತು.

1948ರಲ್ಲಿ ದೊಡ್ಡ ತಟ್ಟೆ, ಎಲ್‌ಪಿ, ಬಂತು. ಹನ್ನೆರಡು ಅಂಗುಲ. ಹೊದಿಕೆಗೆ ಒಂದು ಚದರಡಿ ಜಾಗ ಸಿಕ್ಕಿತು. ನಮ್ಮ ಭೀಮಸೇನ ಜೋಶಿ, ಗಂಗೂಬಾಯಿಯವರ ಎಲ್‌ಪಿ ಕೈಯಲ್ಲಿ ಹಿಡಿದವರಿಗೆ ಗೊತ್ತು. ಮುಂದೆ ಹಾಡುವವರ ಮುಖ, ಹಿಂದೆ ರಾಗ, ತಾಳ, ತಬಲಾ ಯಾರದು, ಹಾರ್ಮೋನಿಯಂ ಯಾರದು ಎಂಬ ವಿವರ. ಸಾಥಿಗೆ ಕುಳಿತವರಿಗೂ ಹೆಸರು ಸಿಕ್ಕಿತು. ಸಿನಿಮಾ ಹಾಡಿನ ಚಿಕ್ಕ ತಟ್ಟೆಗಳಲ್ಲಿ ಮಾತ್ರ ಆ ಸುಖ ಕಡಿಮೆ. ಅಲ್ಲಿ ನಾಯಕ ನಾಯಕಿಯ ಮುಖವೇ ದೊಡ್ಡದು, ಹಾಡಿದವರ ಹೆಸರು ಹಿಂದೆ ಸಣ್ಣಕ್ಷರದಲ್ಲಿ.

ಇವೆಲ್ಲ ಗ್ರಾಮಫೋನು ಕೊಳ್ಳುವ ಶಕ್ತಿ ಇದ್ದವರ ಮನೆಯ ಮಾತಾಯಿತು. ನಮ್ಮಂಥವರ ಮನೆಗೆ ಸಂಗೀತ ಬಂದದ್ದು ಕ್ಯಾಸೆಟ್ಟಿನಲ್ಲಿ, ಆಗಿನ ಪತ್ರಿಕೆಗಳ ಚಂದದ ಮಾತಿನಲ್ಲಿ ಹೇಳುವುದಾದರೆ 'ಧ್ವನಿಸುರುಳಿ'ಯಲ್ಲಿ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ ನಮ್ಮಲ್ಲಿ ಮನೆಮಾತಾಗಲು ಹದಿನೈದು ಇಪ್ಪತ್ತು ವರ್ಷ ಬೇಕಾಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂದಾಗ ಕನ್ನಡದಲ್ಲಿ ಭಾವಗೀತೆಯ ಧ್ವನಿಸುರುಳಿಗಳ ಕಾಲ ಶುರುವಾಯಿತು. ನಮ್ಮ ಮನೆಯಲ್ಲಿದ್ದ ಇಂಥ ಕ್ಯಾಸೆಟ್ಟುಗಳ ಹೊದಿಕೆಯನ್ನು ನಾನು ಎಷ್ಟು ಸಲ ಬಿಚ್ಚಿ ಓದಿದ್ದೇನೋ. ಕವಿ ಇವರು, ರಾಗ ಇವರದು, ಹಾಡಿದವರು ಇವರು. ಪುಸ್ತಕದ ಗೌರವ ಆ ಸಣ್ಣ ಕಾಗದಕ್ಕೂ ಇತ್ತು.

ಆ ಕಾಗದದ ಲೆಕ್ಕ ನೋಡಿ. ಮುಂಬದಿ ನಾಲ್ಕು ಅಂಗುಲ ಉದ್ದ, ಎರಡೂವರೆ ಅಂಗುಲ ಅಗಲ. ಬೆನ್ನು ಅರ್ಧ ಅಂಗುಲ. ಹಿಂದೆ ಮಡಚಿದ ಒಂದು ಸಣ್ಣ ಅಂಚು. ಬದಿಯಿಂದ ನೋಡಿದರೆ ಇಂಗ್ಲಿಷಿನ 'ಜೆ' ಅಕ್ಷರದ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ಕ್ಯಾಸೆಟ್ಟುಗಳನ್ನು ಇಟ್ಟಿಗೆಯಂತೆ ಪೇರಿಸಿಟ್ಟಾಗ ಕಾಣುವುದು ಆ ಅರ್ಧ ಅಂಗುಲದ ಬೆನ್ನು ಮಾತ್ರ. ಅಲ್ಲಿ ಹೆಸರಿದ್ದವರು ಮಾರಾಟವಾದರು. ಇಲ್ಲದವರು ಧೂಳು ತಿಂದರು. ಕ್ಯಾಸೆಟ್ಟು ಅಗ್ಗ, ಮುದ್ರಿಸುವುದು ಸುಲಭ. 1980ರ ದಶಕದಲ್ಲಿ ದೊಡ್ಡ ಕಂಪನಿಯ ಏಕಸ್ವಾಮ್ಯ ಮುರಿದು ಊರೂರಿನ ಹಾಡು ಮಾರುಕಟ್ಟೆಗೆ ಬಂದದ್ದನ್ನು ಪೀಟರ್ ಮ್ಯಾನುಯೆಲ್ ಎಂಬ ವಿದ್ವಾಂಸರು 1993ರಲ್ಲಿ 'ಕ್ಯಾಸೆಟ್ ಕಲ್ಚರ್' ಎಂಬ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಬಳೆ ಅಂಗಡಿಯ ಪಕ್ಕದಲ್ಲೇ ಕ್ಯಾಸೆಟ್ಟಿನ ಅಂಗಡಿಗಳು ಎದ್ದವು.

ಈಗ ನನ್ನ ಸುಳ್ಳಿನ ಕತೆ.

1989ರ ಬೇಸಿಗೆ. ಆಗ ನವಲಿ ರಾಯಚೂರು ಜಿಲ್ಲೆಯಲ್ಲಿತ್ತು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ದೊಡ್ಡವ್ವ, ನಮ್ಮವ್ವನ ಅಕ್ಕ, ಊರಿಗೆಲ್ಲ ಹಾಡುವವಳು. ಮದುವೆಯ ಅರಿಷಿಣ, ತೊಟ್ಟಿಲು, ಉಡಿ ತುಂಬುವುದು, ಯಾವುದೇ ಇರಲಿ, ಆಕೆ ಮೊದಲ ಸಾಲು ಎತ್ತದೆ ಉಳಿದವರು ಬಾಯಿ ತೆರೆಯುತ್ತಿರಲಿಲ್ಲ. ಒಂದು ಮೇಳದವರು ಬಂದು, ನಿಮ್ಮ ಹಾಡು ಕ್ಯಾಸೆಟ್ ಮಾಡುತ್ತೇವೆ ಎಂದರು. ದೊಡ್ಡವ್ವ ಇಳಕಲ್ಲ ಸೀರೆ ಉಟ್ಟು, ಇನ್ನೂ ಮೂವರನ್ನು ಕರೆದುಕೊಂಡು ಹೋಗಿ ಒಂದು ದಿನವೆಲ್ಲ ಹಾಡಿ ಬಂದಳು. ಆಕೆಗೆ ಒಂದು ಸೀರೆ, ಬಸ್ಸಿನ ಖರ್ಚು ಕೊಟ್ಟರು. ಅದಕ್ಕೆ ಆಕೆಯ ತಕರಾರಿರಲಿಲ್ಲ.

ನಾಲ್ಕು ತಿಂಗಳಿಗೆ ಕ್ಯಾಸೆಟ್ ಬಂತು. ಹೊದಿಕೆಯ ಮೇಲೆ ಸೊಂಟದಲ್ಲಿ ಕೊಡ ಹೊತ್ತ ಒಬ್ಬ ಚೆಲುವೆಯ ಚಿತ್ರ. ತುಟಿಗೆ ಬಣ್ಣ, ತಲೆಯ ಮೇಲೆ ಸೆರಗಿಲ್ಲ. ನಮ್ಮ ಊರಿನವಳಂತೂ ಅಲ್ಲ. ಮೇಲೆ ಮೇಳದ ಯಜಮಾನನ ಹೆಸರು ದಪ್ಪ ಕೆಂಪು ಅಕ್ಷರದಲ್ಲಿ. ಅದರ ಕೆಳಗೆ ಸಣ್ಣಗೆ, 'ಮತ್ತು ಸಂಗಡಿಗರು'. ಹಿಂದೆ ಹಾಡುಗಳ ಪಟ್ಟಿ. ಅಷ್ಟೇ. ಆರಂಭದಿಂದ ಕೊನೆಯವರೆಗೆ ಕೇಳಿಸುವುದು ದೊಡ್ಡವ್ವನ ದನಿ. ಯಜಮಾನನದು ನಡುನಡುವೆ ಒಂದು 'ಹೌದವ್ವ', ಒಂದು ತಾಳ.

ದೊಡ್ಡವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಸಾಲಿಯ ಮಾಸ್ತರಿಣಿ ಎಂಬ ಹೆಮ್ಮೆ ಆಕೆಗೆ. ಪಡಸಾಲೆಯ ತುಂಬ ಹೆಂಗಸರು ಕೂಡಿದ್ದರು. ನನ್ನ ಕೈಗೆ ಕ್ಯಾಸೆಟ್ ಕೊಟ್ಟು, "ನನ್ನ ಹೆಸರು ಎಲ್ಲೈತಿ, ತೋರಿಸವಾ" ಎಂದಳು.

ನಾನು ಹುಡುಕಿದೆ. ಹಿಂದೆ ನೋಡಿದೆ, ಮುಂದೆ ನೋಡಿದೆ, ಬೆನ್ನ ಮೇಲೆ ನೋಡಿದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಆಮೇಲೆ 'ಸಂಗಡಿಗರು' ಎಂಬ ಶಬ್ದದ ಮೇಲೆ ಬೆರಳಿಟ್ಟು, "ಇಲ್ಲೈತಿ ದೊಡ್ಡವ್ವ" ಎಂದೆ.

ಆಕೆ ಆ ಜಾಗವನ್ನು ಬೆರಳಿನಿಂದ ಸವರಿ ನೋಡಿದಳು. ಕ್ಯಾಸೆಟ್ಟನ್ನು ದೇವರ ಗೂಡಿನಲ್ಲಿ ಇಟ್ಟಳು. ಬಂದವರಿಗೆಲ್ಲ ಇಳಿಸಿ ತೋರಿಸುವಳು. "ಇದ ನೋಡ್ರಿ ನನ್ನ ಹೆಸರು" ಎನ್ನುವಳು. ಬೆರಳು ಸರಿಯಾಗಿ ಆ ಶಬ್ದದ ಮೇಲೆಯೇ ಹೋಗುತ್ತಿತ್ತು. ಒಂದು ವರ್ಷ ಹೀಗೆ ನಡೆಯಿತು. ಒಮ್ಮೆ ನಾನು ಊರಿಗೆ ಹೋದಾಗ ಗೂಡಿನಲ್ಲಿ ಕ್ಯಾಸೆಟ್ ಇರಲಿಲ್ಲ. ಓದಲು ಕಲಿತ ಯಾವುದೋ ಹುಡುಗ ಗಟ್ಟಿಯಾಗಿ ಓದಿರಬೇಕು. ನಾನು ಕೇಳಲಿಲ್ಲ. ಆಕೆ ಹೇಳಲಿಲ್ಲ. 2003ರಲ್ಲಿ ತೀರಿಕೊಳ್ಳುವವರೆಗೆ ಆ ಮಾತು ನಮ್ಮ ನಡುವೆ ಬರಲೇ ಇಲ್ಲ.

ಅದು ಅಂದಿನ ರೂಢಿಯಾಗಿತ್ತು ಎಂದು ಹೇಳಿಬಿಡಬಹುದು. ಕಾಯ್ದೆಯೂ ಹೆಚ್ಚು ಕೇಳುತ್ತಿರಲಿಲ್ಲ. ಕಳ್ಳ ಕ್ಯಾಸೆಟ್ಟುಗಳ ಹಾವಳಿ ತಡೆಯಲು 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು, ಹೊದಿಕೆಯ ಮೇಲೆ ಏನೇನು ಇರಲೇಬೇಕೆಂದು ಹೇಳಿದರು. ಧ್ವನಿಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ. ಹಾಡಿದವರ ಹೆಸರು ಆ ಪಟ್ಟಿಯಲ್ಲಿ ಇಲ್ಲ! 1994ರಲ್ಲಿ ಕಲಾವಿದರಿಗೂ ಒಂದು ಹಕ್ಕು ಬಂತು. ಇದು ನನ್ನ ಕಲೆ, ನನ್ನ ಹೆಸರು ಹೇಳಿ ಎಂದು ಕೇಳುವ ಹಕ್ಕು ಕಾಯ್ದೆಯಲ್ಲಿ ಸೇರಿದ್ದು 2012ರಲ್ಲಿ. ದೊಡ್ಡವ್ವ ಹೋಗಿ ಒಂಬತ್ತು ವರ್ಷವಾಗಿತ್ತು.

ಇದನ್ನೆಲ್ಲ ಕೇಳಿದ ನಮ್ಮ ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಆಕೆ ಆ ಹಾಡುಗಳನ್ನು ಕಲಿತದ್ದೇ ಇದೇ ಕ್ಯಾಸೆಟ್ಟಿನ ಇನ್ನೊಂದು ಪ್ರತಿಯಿಂದ, ಅಕ್ಕನ ಮನೆಯಲ್ಲಿ ಕೇಳಿ ಕೇಳಿ. "ನಾನು ಸಣ್ಣಾಕಿ ಇದ್ದಾಗ ಆ ಕೊಡ ಹೊತ್ತಾಕೀನ ಹಾಡ್ಯಾಳ ಅಂತ ತಿಳಿದಿದ್ದೆ ಚಿಗವ್ವ" ಎಂದಳು. ಹೊದಿಕೆಯ ಶಕ್ತಿ ಅಂಥದು. ಕಿವಿಗೆ ಸ್ವಂತ ಅಜ್ಜಿಯ ದನಿ ಬೀಳುತ್ತಿದ್ದರೂ ಕಣ್ಣು ಬೇರೆಯವಳನ್ನು ನಂಬಿತು.

ಮರುದಿನದಿಂದ ನಾವು ಹೊದಿಕೆಯ ಕೆಲಸಕ್ಕೆ ಕುಳಿತೆವು. ಈಗ ಯಾರ ಮನೆಯಲ್ಲೂ ಟೇಪ್ ರೆಕಾರ್ಡರ್ ಇಲ್ಲ. 1982ರಲ್ಲಿ ಬಂದ ಸಿಡಿಯೂ ಮೂಲೆ ಸೇರಿದೆ. ಹಾಡು ಕೇಳುವುದು ಫೋನಿನಲ್ಲಿ. ಅಲ್ಲಿ ಹೊದಿಕೆಯ ಚಿತ್ರ ಕಾಣುವುದು ಹಣೆಯ ಬೊಟ್ಟಿಗಿಂತ ಸ್ವಲ್ಪ ದೊಡ್ಡದಾಗಿ. ಹೆಂಚಿನಷ್ಟು ಅಗಲವಿದ್ದದ್ದು ಅಂಗೈಗೆ ಇಳಿದು, ಈಗ ಬೊಟ್ಟಿಗೆ ಬಂದು ನಿಂತಿದೆ. ಆದರೂ ಕೈಗೆ ಕೊಡಲು ಏನಾದರೂ ಬೇಡವೇ? ಬಿಡುಗಡೆಗೆ ಬಂದವರು ಬರಿಗೈಯಲ್ಲಿ ಹೋಗಬಾರದು. ಆದ್ದರಿಂದ ದಪ್ಪ ಕಾಗದದ ಒಂದು ಲಕೋಟೆ, ಒಳಗೆ ಆರು ಹಾಡಿನ ಪುಟ್ಟ ಪುಸ್ತಕ, ಹಿಂದೆ ಫೋನು ಹಿಡಿದರೆ ಹಾಡು ಬರುವ ಕಪ್ಪು ಬಿಳುಪಿನ ಚೌಕ, ಇಷ್ಟು ಮಾಡುವುದೆಂದು ಆಯಿತು.

ಗಂಗಾವತಿಯ ಕಂಪ್ಯೂಟರ್ ಅಂಗಡಿಯ ಹುಡುಗ ಮೊದಲ ನಮೂನೆ ತಂದ. ಎರಡು ನವಿಲು, ಮುಳುಗುವ ಸೂರ್ಯ, ಗದ್ದೆ, ಜಲಪಾತ, ಮೂಲೆಯಲ್ಲಿ ವೀಣೆ. ನವಲಿಯಲ್ಲಿ ಜಲಪಾತ ಎಲ್ಲಿಂದ ಬಂತಪ್ಪಾ ಎಂದರೆ, "ಚಂದ ಕಾಣ್ತೈತ್ರಿ ಟೀಚರ್" ಎಂದ. ಹೆಸರು ಬಳ್ಳಿಯಂಥ ಅಕ್ಷರದಲ್ಲಿ ಸುತ್ತಿಕೊಂಡು ಓದಲಿಕ್ಕೇ ಬರುತ್ತಿರಲಿಲ್ಲ. ನಾನು ಅದನ್ನು ಎದುರು ಗೋಡೆಗೆ ಒರಗಿಸಿ ಇಟ್ಟು, ಪಕ್ಕದ ಮನೆಯವರನ್ನು ಕರೆದು ಬಾಗಿಲಲ್ಲಿ ನಿಲ್ಲಿಸಿ, ಏನು ಕಾಣುತ್ತದೆ ಹೇಳಿ ಎಂದೆ. "ಬಳೆ ಅಂಗಡಿ ಕ್ಯಾಲೆಂಡರ್ ಏನ್ರೀ?" ಎಂದರು. ಆಮೇಲೆ ಅದನ್ನು ಫೋನಿನಲ್ಲಿ ಬೊಟ್ಟಿನಷ್ಟು ಮಾಡಿ ನೋಡಿದೆವು. ಬರೀ ಹಸಿರು ಕಲೆ.

ಶೇಂಗಾ ಹಿಂಡಿ ಪೊಟ್ಟಣ ಕಟ್ಟಿ ಮಾರುವ ನಮ್ಮ ಸ್ತ್ರೀಶಕ್ತಿ ಸಂಘದವರಿಗೆ ಈ ಪಾಠ ಗೊತ್ತು. ಪೊಟ್ಟಣದ ಮೇಲೆ ತಾಜಮಹಲ್ ಹಾಕಿದರೆ ಹಿಂಡಿಗೆ ರುಚಿ ಬರುವುದಿಲ್ಲ. ಏನು, ಯಾರು ಮಾಡಿದ್ದು, ಎಲ್ಲಿಯದು, ಇಷ್ಟು ದೂರದಿಂದ ಓದಬೇಕು. ಅದಕ್ಕೇ ಒಂದೇ ಚಿತ್ರ ಸಾಕೆಂದು ನಿಶ್ಚಯಿಸಿದೆವು. ಮುಖ ಹಾಕೋಣವೆಂದರೆ ಹುಡುಗಿ ಒಪ್ಪಲಿಲ್ಲ. ಎಂಟು ಮಂದಿ ಹಾಡಿದಾಗ ನನ್ನ ಮುಖವೊಂದೇ ಯಾಕೆ ಎಂದಳು. ಕೊನೆಗೆ ದೊಡ್ಡವ್ವನ ಬೀಸುವ ಕಲ್ಲಿನ ಚಿತ್ರ ತೆಗೆದೆವು. ಸುತ್ತ ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಗೊಂಬೆಗೆ ಬಳಿಯುವಂಥ ದಟ್ಟ ಕೆಂಪು, ಅದರ ಮೇಲೆ ಹಳದಿಯಲ್ಲಿ ಹೆಸರು. ದೂರದಿಂದಲೂ ಕಂಡಿತು, ಬೊಟ್ಟಿನಷ್ಟು ಮಾಡಿದರೂ ಕಂಡಿತು.

ಹಿಂಬದಿಯೇ ನಮಗೆ ಮುಖ್ಯ. ಎಂಟೂ ಮಂದಿಯ ಹೆಸರು, ಒಂದೇ ಅಳತೆಯ ಅಕ್ಷರದಲ್ಲಿ. ಯಾವ ಹಾಡಿನಲ್ಲಿ ಮೊದಲ ಸಾಲು ಯಾರು ಎತ್ತಿದರು ಎಂಬುದು ಹಾಡಿನ ಪಕ್ಕದಲ್ಲೇ. ಹಾಡು ಯಾರಿಂದ ಕಲಿತದ್ದು ಎಂಬ ಸಾಲಿನಲ್ಲಿ ದೊಡ್ಡವ್ವನ ಹೆಸರು. ಆ ಹೆಸರನ್ನು ನಾನು ಈ ಬರಹದಲ್ಲಿ ಬರೆದಿಲ್ಲ, ಗಮನಿಸಿದಿರಲ್ಲ? ಅದು ಮೊದಲು ಅಚ್ಚಾಗಬೇಕಾದದ್ದು ಹಾಡಿನ ಹೊದಿಕೆಯ ಮೇಲೆ ಎಂದು ಹುಡುಗಿ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಫೋನಿನಲ್ಲಿ ಹಾಡು ಹಾಕುವಾಗ ಹೆಸರು ಬೆರಳಚ್ಚು ಮಾಡುವ ಜಾಗಗಳಿರುತ್ತವೆ. ಅಲ್ಲಿಯೂ ಎಂಟು ಹೆಸರು ತುಂಬಿದ್ದಾಳೆ. ಕಾಗದದ ಬೆನ್ನು ಹೋದ ಮೇಲೆ ಈಗ ಅದೇ ಬೆನ್ನು.

ಹೆಸರಿನ ಹುಚ್ಚು ಇಷ್ಟೇಕೆ ಎಂದು ನಮ್ಮ ಮನೆಯವರು ಕೇಳಿದರು. 2025ರಲ್ಲಿ ನಮ್ಮ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಆಡಿಸುವ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತಲ್ಲ, ಆಗ ಅವರಿಗೆ 96 ವರ್ಷ. ಪರದೆಯ ಹಿಂದೆ ಕುಳಿತು ಹಾಡುವವರು ಕಾಣುವುದಿಲ್ಲ. ಯಾರಾದರೂ ಹೆಸರು ಬರೆದಿಟ್ಟರೆ ಮಾತ್ರ ಅವರನ್ನು ಹುಡುಕಿಕೊಂಡು ಗೌರವ ಬರುತ್ತದೆ. ತಡವಾಗಿಯಾದರೂ ಬರುತ್ತದೆ.

ಅಚ್ಚಿನ ಮೊದಲ ಪ್ರತಿ ಹಿಡಿದು ನಾನೂ ಹುಡುಗಿಯೂ ನವಲಿಗೆ ಹೋದೆವು. ನಾಟಿಯ ದಿನಗಳು. ಕೆಸರು ಕಾಲಿನಲ್ಲೇ ಹೆಣ್ಣುಮಕ್ಕಳು ಬಂದು ಕಟ್ಟೆಯ ಮೇಲೆ ಕುಳಿತರು. ಕೈ ಒರೆಸಿಕೊಂಡು ಒಬ್ಬೊಬ್ಬರೇ ತಮ್ಮ ಹೆಸರು ಹುಡುಕಿದರು. ನಾಲ್ವರಿಗೆ ಓದಲು ಬರುತ್ತಿತ್ತು, ಅವರು ಉಳಿದವರಿಗೆ ತೋರಿಸಿದರು. ಎಲ್ಲರಿಗಿಂತ ಹಿರಿಯಳಾದ ಒಬ್ಬಾಕೆ ಮಾತ್ರ ಓದಿಸಿಕೊಂಡು, ತಲೆ ಅಲ್ಲಾಡಿಸಿದಳು.

"ಇದು ನನ್ನ ಹೆಸರಲ್ಲ" ಎಂದಳು.

ನನ್ನ ಎದೆ ಧಸಕ್ಕೆಂದಿತು. ನೋಡಿದರೆ ಸಂಗತಿ ಇಷ್ಟು. ಕಂಪ್ಯೂಟರಿನ ಹುಡುಗ ಗೌರವಕ್ಕೆಂದು, ಹೆಸರಿನ ಕೊನೆಯ 'ವ್ವ' ತೆಗೆದು 'ಮ್ಮ' ಮಾಡಿದ್ದ. "ಹುಟ್ಟಿದಾಗಿಂದ ಅವ್ವ ಅಂತ ಕರಿಸ್ಕೊಂಡೀನಿ, ಈ ಅಮ್ಮ ಯಾರು?" ಎಂದು ಕೇಳಿದಳು. ಉಳಿದವರು ನಕ್ಕರು. ಆಕೆ ನಗಲಿಲ್ಲ.

ಅಚ್ಚಾಗಿದ್ದ ಮುನ್ನೂರು ಲಕೋಟೆಗಳನ್ನು ಬದಿಗಿಟ್ಟೆವು. ನಾನೇ ಕೈಯಲ್ಲಿ ಎಂಟೂ ಹೆಸರುಗಳನ್ನು ದುಂಡಗೆ ಬರೆದು, ಒಬ್ಬೊಬ್ಬರ ಮುಂದೆ ಓದಿ, ಹೌದೆನ್ನಿಸಿಕೊಂಡು, ಮತ್ತೆ ಗಂಗಾವತಿಗೆ ಕಳಿಸಿದೆ. ಬಿಡುಗಡೆ ಒಂದು ವಾರ ಮುಂದೆ ಹೋಯಿತು.